ಬಳಚು ಎಣಿಸಿದ ಎರಡು ದಿನ

ಬಿ.ಎಡ್. ಎರಡನೇ ವರ್ಷದ ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಅಘನಾಶಿನಿ ಅಳಿವೆಯ ದಂಡೆಯ ಒಂದು ಪ್ರೌಢಶಾಲೆ. ಈ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ್ದು ಒಂಬತ್ತನೇ ತರಗತಿಯ ಮಕ್ಕಳಿಗೆ ಬಾಯಿಪಾಠ. ಅವರಿಂದ ಬಳಚಿನ ಕ್ಷೇತ್ರ ಅಧ್ಯಯನ ಮಾಡಿಸಿ, ಅದನ್ನೇ ಚಿಕ್ಕ ಸಾಕ್ಷ್ಯಚಿತ್ರವಾಗಿಸುವುದು ನನ್ನ ಯೋಜನೆ. ಪಾಠಯೋಜನೆಯ ಬೋಧನೋಪಕರಣಗಳ ಅಂಕಣದಲ್ಲಿ ‘ಮೊಬೈಲ್, ಪೈಪಿನ ಚೌಕಟ್ಟು, ಬಕೆಟ್’ ಎಂದಿದ್ದನ್ನು ನೋಡಿ ಮಾರ್ಗದರ್ಶಕರು ನಕ್ಕೇ ಸಹಿ ಹಾಕಿದರು.

ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಶಾಲೆಯ ವೇಳಾಪಟ್ಟಿ ಹೋಗುವುದಿಲ್ಲ. ಗಣಿತದ ಅವಧಿಯನ್ನು ಬೇಡಿ ಪಡೆದೆ. ಅರ್ಧ ಮೀಟರ್ ಚೌಕವನ್ನು ಕಣ್ಣು ಮುಚ್ಚಿ ಎಸೆಯುವುದು, ಅದರೊಳಗಿನ ಕೆಸರು ತೋಡಿ ಬಳಚು ಎಣಿಸುವುದು, ನಾಲ್ಕರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ. ಹತ್ತು ಎಸೆತಗಳಲ್ಲಿ ಆರು ಖಾಲಿ.

ಮರುದಿನ ತರಗತಿಯಲ್ಲಿ ಚಿತ್ರ ತೋರಿಸಿದೆ. ಅದರಲ್ಲಿ ಖಾಲಿ ಚೌಕ ಒಂದೂ ಇರಲಿಲ್ಲ! ತುಂಬಿದ ಬುಟ್ಟಿಗಳು, ಬೆಳ್ಳಕ್ಕಿಗಳು, ಸೊಂಟಮಟ್ಟ ನೀರಿನಲ್ಲಿ ಬಗ್ಗಿ ಬಳಚು ಹೆಕ್ಕುವ ಹೆಂಗಸು. “ಟೀಚರ್, ಚಿತ್ರ ಸುಳ್ಳೋ, ಪಟ್ಟಿ ಸುಳ್ಳೋ?” ಎಂದು ಒಬ್ಬ ಕೇಳಿದ. ಉತ್ತರ ಹುಡುಕುತ್ತಿರುವಾಗಲೇ ಕೆಲವರು ನಕ್ಕರು. ಹಿಂದಿನ ಬೆಂಚಿನ ಹುಡುಗಿ ತಲೆ ತಗ್ಗಿಸಿದಳು. ತೆರೆಯ ಮೇಲಿದ್ದವರು ಅವಳ ತಾಯಿ. ಏಡಿಯ ಬಿಲಕ್ಕೆ ತೊಂದರೆಯಾಗದಂತೆ ನಡೆಯಿರಿ ಎಂದು ಮಕ್ಕಳಿಗೆ ಹೇಳಿದ್ದ ನಾನು, ಆ ತಾಯಿಯನ್ನು ಒಂದು ಮಾತು ಕೇಳಿರಲಿಲ್ಲ.

ಸಂಜೆ ಅವರ ಮನೆಗೆ ಹೋದೆ. “ಚಿತ್ರ ತೆಗೀರಿ ಅಕ್ಕೋರೆ, ಕೇಳಿ ತೆಗೀರಿ,” ಎಂದರು. ಆಮೇಲೆ ನನ್ನ ಪಟ್ಟಿ ನೋಡಿ, “ನಿನ್ನೆಯಷ್ಟೇ ನಾವು ಹೆಕ್ಕಿದ ಜಾಗದಲ್ಲಿ ಹುಡುಕಿದ್ರೆ ಸಿಗ್ತದ್ಯಾ?” ಎಂದರು. ಪಟ್ಟಿಯೂ ಅರ್ಧ ಸತ್ಯವೇ ಆಗಿತ್ತು.

ಎರಡನೇ ಸಲ ಅವರೇ ಜೊತೆಗೆ ಬಂದರು. ದಿನವೂ ಹೆಕ್ಕುವ ಜಾಗ, ಕೆಲವು ತಿಂಗಳಿಂದ ಬಿಟ್ಟ ಜಾಗ, ಕಾಂಡ್ಲಾ ಗಿಡಗಳ ಅಂಚು ಎಂದು ಮೂರು ಭಾಗ ತೋರಿಸಿದರು. ಪ್ರತಿ ಭಾಗದಲ್ಲೂ ಹತ್ತು ಎಸೆತ. ಚೌಕ ಖಾಲಿಯಿದ್ದರೂ ಅಷ್ಟೇ ಹೊತ್ತು ಚಿತ್ರೀಕರಿಸಬೇಕೆಂಬ ನಿಯಮ ಮಾಡಿಕೊಂಡೆವು. ಎಣಿಸಿದ ಎಳೆಯ ಬಳಚುಗಳನ್ನು ಅಲ್ಲಿಯೇ ಬಿಟ್ಟೆವು. ಮೊಬೈಲ್ ಹಿಡಿದದ್ದು ಹಿಂದಿನ ಬೆಂಚಿನ ಹುಡುಗಿ.

ಸಿದ್ಧವಾದ ಚಿತ್ರವನ್ನು ಮೊದಲು ಅವರ ಮನೆಯಲ್ಲೇ ತೋರಿಸಿದೆ. ನೀರಿನಲ್ಲಿ ಬಗ್ಗಿದ ಆ ಮೊದಲ ದೃಶ್ಯ ಬಂದಾಗ, “ಇದೊಂದು ಬೇಡ,” ಎಂದರು. ಇಡೀ ಚಿತ್ರದಲ್ಲಿ ಚೆಂದದ ದೃಶ್ಯ ಅದೇ. ಅಳಿಸಿದೆ. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು: ಅವಧಿ ಮೀರಿದೆ.