ಸುರಿದ ಬಣ್ಣ, ಅಂಟಿಸಿದ ಪುಟ

ನನ್ನ ಚಿತ್ರಪುಸ್ತಕದ ಮೊದಲ ಪುಟದಲ್ಲಿ ಕೆಸರಿನ ಬಣ್ಣದ ಒಂದು ತುಂಡು ಅಂಟಿಕೊಂಡಿದೆ. ನೀಲಿ, ಕೇಸರಿ, ಹಸಿರು ಮೂರನ್ನೂ ಒಂದೇ ಲೋಟಕ್ಕೆ ಹಾಕಿ, ಕಡ್ಡಿಯಿಂದ ಚೆನ್ನಾಗಿ ತಿರುವಿ ಸುರಿದ ದಿನದ್ದು ಅದು. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ: ‘ತಿರುವಬಾರದು.’ ಆಮೇಲೆ ಮೂರು ಪುಸ್ತಕ ತುಂಬಿದವು. ಆ ಪುಟವನ್ನು ಹರಿಯಲು ಮನಸ್ಸು ಬಂದಿಲ್ಲ.

ಕುಂಚವಿಲ್ಲದೆ ಬಣ್ಣ ಸುರಿಯುವ ಈ ಕೆಲಸದಲ್ಲಿ ಎಲ್ಲವೂ ನಿಂತಿರುವುದು ಹದದ ಮೇಲೆ. ಅಕ್ರಿಲಿಕ್ ಬಣ್ಣಕ್ಕೆ ಬಿಳಿ ಅಂಟು, ನೀರು ಸೇರಿಸಿ ಕಲಸಬೇಕು. ಉದ್ದಿನ ದೋಸೆ ಹಿಟ್ಟಿನಷ್ಟು ಗಟ್ಟಿಯಾದರೆ ಹರಿಯದು. ನೀರುದೋಸೆ ಹಿಟ್ಟಿನಷ್ಟು ತೆಳುವಾದರೆ ಬಣ್ಣಗಳು ಒಂದರೊಳಗೊಂದು ಕರಗಿಹೋಗುತ್ತವೆ. ಕಡ್ಡಿ ಎತ್ತಿದಾಗ ಜೇನಿನಂತೆ ಎಳೆಯಾಗಿ ಇಳಿದು, ಬಿದ್ದ ಗುರುತು ಒಂದೆರಡು ಕ್ಷಣದಲ್ಲಿ ಅಳಿಸಿಹೋದರೆ ಹದ ಬಂದಂತೆ. ಲೋಟದಲ್ಲಿ ಒಂದರ ಮೇಲೊಂದು ಬಣ್ಣ ನಿಧಾನವಾಗಿ ಹೊಯ್ದು, ಹಲಗೆಯ ಮೇಲೆ ಕವುಚಿ, ಲೋಟ ಎತ್ತಿ ಹಲಗೆಯನ್ನು ವಾಲಿಸಿದರೆ ಸಾಕು. ಕಪ್ಪಿನ ಮೇಲೆ ಹರಡಿದ ಬಿಳಿಯೊಳಗಿಂದ ಕಪ್ಪು ಕಣ್ಣುಗಳು ಒಂದೊಂದೇ ಬಿಚ್ಚಿಕೊಳ್ಳುವುದನ್ನು ನೋಡಲು ನಾನು ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತೇನೆ.

ಅದಕ್ಕೊಂದು ಕಾರಣವಿದೆ. ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಭಾರ, ಕಪ್ಪಿನ ಇಂಗಾಲ ಹಗುರ. ಭಾರವಾದದ್ದು ಇಳಿಯುತ್ತದೆ, ಹಗುರವಾದದ್ದು ಅದನ್ನು ಸೀಳಿಕೊಂಡು ಮೇಲೇಳುತ್ತದೆ. ಮೆಕ್ಸಿಕೋದ ಚಿತ್ರಕಾರ ಡೇವಿಡ್ ಅಲ್ಫಾರೊ ಸಿಕೇರೊಸ್ 1930ರ ದಶಕದಲ್ಲೇ ಇದನ್ನು ಕಂಡುಕೊಂಡಿದ್ದರು. 1936ರಲ್ಲಿ ನ್ಯೂಯಾರ್ಕಿನಲ್ಲಿ ಅವರು ನಡೆಸಿದ ಕಾರ್ಯಾಗಾರಕ್ಕೆ ತರುಣ ಜಾಕ್ಸನ್ ಪೊಲಾಕ್ ಕೂಡ ಬಂದಿದ್ದರು. ಬಣ್ಣ ಹೀಗೆ ಅರಳುವುದರ ಭೌತವಿಜ್ಞಾನವನ್ನು 2015ರಲ್ಲಿ ವಿವರಿಸಿದವರೂ ಮೆಕ್ಸಿಕೋದ ವಿಜ್ಞಾನಿಗಳೇ.

ಪುಸ್ತಕದ ಹಾಳೆಯ ಮೇಲೆ ನೇರವಾಗಿ ಸುರಿದರೆ ಕಾಗದ ನೀರು ಕುಡಿದು ಸುಕ್ಕುಗಟ್ಟುತ್ತದೆ. ಅದಕ್ಕೇ ಈಗ ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿಯುತ್ತೇನೆ. ಎರಡು ದಿನ, ಮಳೆಗಾಲವಾದರೆ ನಾಲ್ಕು ದಿನ ಬಿಟ್ಟು ಅಂಚಿನಿಂದ ಮೆಲ್ಲಗೆ ಎಬ್ಬಿಸಿದರೆ ಬಣ್ಣವಷ್ಟೇ ಒಂದು ಪದರವಾಗಿ ಕೈಗೆ ಬರುತ್ತದೆ. ಬೇಸಿಗೆಯಲ್ಲಿ ಅಮ್ಮ ತಾರಸಿಯ ಮೇಲಿನ ಹಾಳೆಯಿಂದ ಸಂಡಿಗೆ ಎಬ್ಬಿಸುತ್ತಿದ್ದದ್ದೂ ಹೀಗೆಯೇ. ಪೂರ್ತಿ ಒಣಗುವ ಮೊದಲು ಕೈ ಹಾಕಿದರೆ ಎರಡೂ ಹರಿಯುತ್ತವೆ.

ನನಗೆ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ರಟ್ಟಿನಿಂದ ಮೂರಂಗುಲದ ಕಿಟಕಿಯೊಂದನ್ನು ಕತ್ತರಿಸಿಕೊಂಡಿದ್ದೇನೆ. ಒಣಗಿದ ಪದರದ ಮೇಲೆ ಅದನ್ನು ಅತ್ತಿತ್ತ ಸರಿಸುತ್ತೇನೆ. ಇಡಿಯಾಗಿ ನೋಡಿದಾಗ ಬರೀ ಗದ್ದಲವಾಗಿದ್ದದ್ದು ಕಿಟಕಿಯೊಳಗೆ ಹೊಳೆಯ ದಂಡೆಯಾಗುತ್ತದೆ, ಹುಣಸೆಮರದ ತೊಗಟೆಯಾಗುತ್ತದೆ. ಮೊದಮೊದಲು ತಾರೀಕಿನ ಪ್ರಕಾರ ಅಂಟಿಸುತ್ತಿದ್ದೆ. ಲೆಕ್ಕದ ಪುಸ್ತಕ ಬರೆದ ಹಾಗಾಯಿತು. ಈಗ ಒಂದಕ್ಕೊಂದು ಮಾತಾಡುವ ತುಂಡುಗಳನ್ನು ಎದುರುಬದುರು ಪುಟದಲ್ಲಿ ಇಡುತ್ತೇನೆ, ಸುತ್ತ ಧಾರಾಳವಾಗಿ ಬಿಳಿ ಜಾಗ ಬಿಡುತ್ತೇನೆ. ಯಾವ ಬಣ್ಣ, ಎಷ್ಟು ಚಮಚ ನೀರು ಎಂಬುದನ್ನು ಕೆಳಗೆ ಬರೆಯುತ್ತೇನೆ. ಪುಟಗಳ ನಡುವೆ ಬಟರ್ ಪೇಪರ್ ಇಡುವುದನ್ನು ಮಾತ್ರ ಮರೆಯಬಾರದು: ಅಕ್ರಿಲಿಕ್ ಒಣಗಿದ ಮೇಲೂ ಸೆಖೆಗೆ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಒಂದು ಏಪ್ರಿಲ್‌ನಲ್ಲಿ ಎರಡು ಒಳ್ಳೆಯ ಪುಟಗಳು ನನಗೆ ಹೀಗೆಯೇ ಕೈತಪ್ಪಿದವು.

ಸುರಿದದ್ದು ಅದೃಷ್ಟ, ಆರಿಸಿದ್ದು ನಾನು ಎಂಬ ಧೈರ್ಯ ನನಗೆ ಬಂದದ್ದು ನಮ್ಮದೇ ವಿಜಯಪುರದಿಂದ. ಆದಿಲ್‌ಶಾಹಿಗಳ ಕಾಲದಲ್ಲಿ, 17ನೇ ಶತಮಾನದಲ್ಲಿ, ಅಲ್ಲಿನ ಕಲಾವಿದರು ನೀರಿನ ಮೇಲೆ ತೇಲಿಸಿದ ಬಣ್ಣವನ್ನು ಕಾಗದಕ್ಕೆ ಇಳಿಸಿ, ಎಲುಬು ಕಾಣುವ ಬಡಕಲು ಕುದುರೆಗಳನ್ನು ಚಿತ್ರಿಸಿದರು. ಅಂಥದ್ದೊಂದು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಬಣ್ಣ ತಾನೇ ಹರಿದಿದೆ. ಎಲ್ಲಿ ಇರಬೇಕು, ಎಲ್ಲಿ ಇರಬಾರದು ಎಂಬುದನ್ನು ಕೈ ತೀರ್ಮಾನಿಸಿದೆ.

ನೀವೂ ಸುರಿಯುವುದಾದರೆ ಒಂದು ಕೋರಿಕೆ. ಲೋಟದಲ್ಲಿ ಉಳಿದ ಬಣ್ಣವನ್ನು ಸಿಂಕಿಗೆ ಚೆಲ್ಲಬೇಡಿ. ಒಣಗಿದರೆ ಅದು ಪ್ಲಾಸ್ಟಿಕ್ಕೇ. ಹಾಳೆಯ ಮೇಲೆ ಹರಡಿ, ಒಣಗಿಸಿ, ಎಬ್ಬಿಸಿ, ನಿಮ್ಮ ಪುಸ್ತಕದಲ್ಲಿ ಅದಕ್ಕೂ ಒಂದು ಪುಟ ಕೊಡಿ.