ಕತ್ತಲೊಳಗಿನ ನಗು

ಮಕ್ಕಳ ಕಥೆಯೆಂದರೆ ಸಿಹಿಯಾಗಿಯೇ ಇರಬೇಕೆಂದು ಹಿರಿಯರಾದ ನಾವು ಭಾವಿಸುತ್ತೇವೆ. ರೋಲ್ಡ್ ಡಾಲ್ ಹಾಗೆ ಬರೆದವರಲ್ಲ. 1961ರಲ್ಲಿ ಪ್ರಕಟವಾದ ‘ಜೇಮ್ಸ್ ಅಂಡ್ ದ ಜೈಂಟ್ ಪೀಚ್’ ಆರಂಭವಾಗುತ್ತಿದ್ದಂತೆಯೇ ಬಾಲಕನ ತಂದೆತಾಯಿಯರನ್ನು ಘೇಂಡಾಮೃಗವೊಂದು ತಿಂದುಬಿಡುತ್ತದೆ! 1988ರ ‘ಮಟಿಲ್ಡಾ’ದಲ್ಲಿ ಮುಖ್ಯೋಪಾಧ್ಯಾಯಿನಿಯು ಪುಟ್ಟ ಹುಡುಗಿಯೊಬ್ಬಳನ್ನು ಜಡೆ ಹಿಡಿದು ಗಿರಗಿರನೆ ತಿರುಗಿಸಿ ಎಸೆಯುತ್ತಾಳೆ. ಇದನ್ನೋದಿ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ದೊಡ್ಡವರಾದ ಮೇಲೆ ಅದೇ ಪುಸ್ತಕವನ್ನು ತಮ್ಮ ಮಕ್ಕಳ ಕೈಗಿಡುತ್ತಾರೆ. ಈ ಪ್ರೀತಿಯ ಗುಟ್ಟೇನು?

ಲೇಖಕರ ಬಾಳನ್ನು ನೋಡಿದಾಗ ನನಗೆ ಉತ್ತರ ಹೊಳೆಯುತ್ತದೆ. 1916ರಲ್ಲಿ ವೇಲ್ಸ್‌ನಲ್ಲಿ ಜನಿಸಿದ ಡಾಲ್, ಮೂರರ ಪ್ರಾಯದಲ್ಲಿಯೇ ಅಕ್ಕನನ್ನೂ ತಂದೆಯನ್ನೂ ಕಳೆದುಕೊಂಡರು. 1962ರಲ್ಲಿ ಅವರ ಏಳು ವರ್ಷದ ಮಗಳು ಒಲಿವಿಯಾಳಿಗೆ ದಡಾರ ಬಂದು, ಮಿದುಳಿನ ಉರಿಯೂತಕ್ಕೆ ತಿರುಗಿ, ಆಕೆ ತೀರಿಕೊಂಡಳು. ಇಪ್ಪತ್ತು ವರ್ಷಗಳ ನಂತರ ಬರೆದ ‘ದ ಬಿ.ಎಫ್.ಜಿ.’ಯನ್ನು ಆ ತಂದೆ ಅವಳಿಗೇ ಅರ್ಪಿಸಿದರು. ಆ ಕಥೆಯಲ್ಲಿ ಮಕ್ಕಳನ್ನು ತಿನ್ನುವ ದೈತ್ಯರಿದ್ದಾರೆ. ರಾತ್ರಿ ಕಿಟಕಿಯ ಬಳಿ ನಿಂತು ಮಲಗಿದ ಮಕ್ಕಳಿಗೆ ಸವಿಗನಸುಗಳನ್ನು ಊದುವ ದೈತ್ಯನೂ ಒಬ್ಬನಿದ್ದಾನೆ.

ಲೋಕದಲ್ಲಿ ಕತ್ತಲಿದೆಯೆಂಬುದು ಮಕ್ಕಳಿಗೆ ತಿಳಿಯದ ಸಂಗತಿಯೇನಲ್ಲ. ಡಾಲ್ ಅದನ್ನು ಮರೆಮಾಚದೆ ನಗೆಗೀಡುಮಾಡಿದರು; ಅದರೆದುರು ಒಂದು ಪುಟ್ಟ ಜೀವವನ್ನು ಗೆಲ್ಲಿಸಿದರು. ಓದುಗರು ಮರೆಯದಿರುವುದು ಆ ಗೆಲುವನ್ನೇ. ಆದ್ದರಿಂದ ನಿಮ್ಮ ಮನೆಯ ಮಗು ಇಂತಹ ಕಥೆ ಹಿಡಿದು ನಗುತ್ತಿದ್ದರೆ ಪುಸ್ತಕವನ್ನು ಕಿತ್ತುಕೊಳ್ಳದಿರಿ. ಪಕ್ಕದಲ್ಲಿ ಕುಳಿತು, ಮುಂದಿನ ಪುಟವನ್ನು ನೀವೇ ಓದಿ ಹೇಳಿ. ಮಗುವಿನ ಭಯ ಯಾವುದೆಂಬುದು ಆಗ ನಿಮಗೂ ತಿಳಿದೀತು.