ಕೇಳದೆ ಉಳಿದ ಪ್ರಶ್ನೆ

ಸರ್ಕಾರಿ ಒಡೆತನದ ಉದ್ಯಮಗಳ ಆಡಳಿತವನ್ನು ಕುರಿತ ಚರ್ಚೆಗಳಲ್ಲಿ ನಿರ್ದೇಶಕ ಮಂಡಳಿ, ಲೆಕ್ಕಪರಿಶೋಧನೆ, ಜಾಗೃತ ವಿಭಾಗ ಇವುಗಳ ಮಾತೇ ಮುಂದಾಗುತ್ತದೆ. ಇವೆಲ್ಲ ಅವಶ್ಯವೇ ಸರಿ. ಆದರೆ ನಿಯಮವು ಕಾಗದದಲ್ಲಿರುವುದು ಬೇರೆ, ಕಚೇರಿಯ ನಡವಳಿಕೆಯಲ್ಲಿರುವುದು ಬೇರೆ. ಈ ಅಂತರಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣವೇ ನಿದರ್ಶನ.

2018ರ ಫೆಬ್ರವರಿಯಲ್ಲಿ ಆ ಬ್ಯಾಂಕು ತನ್ನ ಮುಂಬಯಿ ಶಾಖೆಯೊಂದರಲ್ಲಿ ಸುಮಾರು 11,400 ಕೋಟಿ ರೂಪಾಯಿಗಳ ಅಕ್ರಮ ವ್ಯವಹಾರ ನಡೆದಿದೆಯೆಂದು ಪ್ರಕಟಿಸಿತು. ಮುಂದೆ ಆ ಮೊತ್ತ 13,000 ಕೋಟಿಯನ್ನು ಮೀರಿತು. ವಜ್ರ ವ್ಯಾಪಾರದ ಕೆಲವು ಸಂಸ್ಥೆಗಳಿಗೆ ಇತರ ಬ್ಯಾಂಕುಗಳ ವಿದೇಶಿ ಶಾಖೆಗಳಲ್ಲಿ ಸಾಲ ದೊರೆಯುವಂತೆ, ತಕ್ಕ ಠೇವಣಿಯನ್ನು ಪಡೆಯದೆಯೇ ಹೊಣೆಪತ್ರಗಳನ್ನು ನೀಡಲಾಗಿತ್ತು. ಈ ಪತ್ರಗಳು ಸ್ವಿಫ್ಟ್ ಸಂದೇಶಜಾಲದ ಮೂಲಕ ಹೋಗುತ್ತಿದ್ದವು. ಬ್ಯಾಂಕಿನ ಮುಖ್ಯ ಲೆಕ್ಕದಲ್ಲಿ ಅವುಗಳ ನಮೂದೇ ಇರಲಿಲ್ಲ. ಹೊಣೆ ಹೊತ್ತು ಖಾತೆಗೆ ಬರೆಯದಿರುವುದನ್ನು ಯಾವ ಸಣ್ಣ ಅಂಗಡಿಯೂ ಸಹಿಸದು.

ನಿಯಮಗಳ ಕೊರತೆಯಿತ್ತೇ? ಇರಲಿಲ್ಲ. ಅಧಿಕಾರಿಗಳನ್ನು ಕಾಲಕಾಲಕ್ಕೆ ವರ್ಗಾಯಿಸಬೇಕೆಂಬ ನಿಯಮವಿತ್ತು. ಆದರೂ ಒಬ್ಬ ಅಧಿಕಾರಿ ಸುಮಾರು ಏಳು ವರ್ಷ ಅದೇ ಶಾಖೆಯಲ್ಲಿ ಉಳಿದರು. ಸ್ವಿಫ್ಟ್ ವ್ಯವಸ್ಥೆಯ ದುರುಪಯೋಗದ ಬಗೆಗೆ ರಿಸರ್ವ್ ಬ್ಯಾಂಕು 2016ರ ಆಗಸ್ಟ್‌ನಿಂದಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಸಂದೇಶವನ್ನೂ ಖಾತೆಯನ್ನೂ ತಾಳೆ ನೋಡಿದ್ದರೆ ಸಾಕಾಗಿತ್ತು.

ವಿಷಯ ಬಯಲಾದ ಬಗೆ ಇನ್ನೂ ಬೋಧಪ್ರದವಾದುದು. 2018ರ ಜನವರಿಯಲ್ಲಿ ಹೊಸ ಹೊಣೆಪತ್ರ ಬೇಡಿ ಬಂದವರನ್ನು, ಆಗ ಅಲ್ಲಿದ್ದ ಅಧಿಕಾರಿಗಳು ಪೂರ್ಣ ನಗದು ಠೇವಣಿ ಕೇಳಿದರು. ಹಿಂದೆ ಹಾಗೆ ಕೇಳಿರಲಿಲ್ಲವೆಂಬ ಉತ್ತರ ಬಂದಿತು. ಹಳೆಯ ದಾಖಲೆ ಹುಡುಕಿದರೆ ಏನೂ ಸಿಗಲಿಲ್ಲ. ಹಲವು ಹಂತದ ತಪಾಸಣೆಗಳು ಕಾಣದುದನ್ನು ಒಂದು ಸಾಮಾನ್ಯ ಪ್ರಶ್ನೆ ಕಂಡಿತು.

"ಹಿಂದಿನಿಂದ ಹೀಗೆಯೇ ನಡೆದಿದೆ", "ಮೇಲಿನವರಿಗೆ ಗೊತ್ತಿರಬಹುದು" ಎಂಬ ಎರಡು ಮಾತುಗಳು ರೂಢಿಯಾದ ಕಚೇರಿಯಲ್ಲಿ ಯಾವ ಮಂಡಳಿಯೂ ನಿಜವಾಗಿ ಆಳಲಾರದು. ಅದರ ಮೇಜಿಗೆ ಬರುವುದು ಬರೆದಿಟ್ಟ ಲೆಕ್ಕವೇ ಹೊರತು ಬರೆಯದ ಲೆಕ್ಕವಲ್ಲ. ಒಡೆಯ ದೂರದಲ್ಲಿರುವ ಸರ್ಕಾರವಾದಾಗ ಈ ಅಪಾಯ ಇನ್ನೂ ಹೆಚ್ಚು. ರಿಸರ್ವ್ ಬ್ಯಾಂಕು 2018ರ ಮಾರ್ಚ್‌ನಲ್ಲಿ ಇಂತಹ ಹೊಣೆಪತ್ರಗಳನ್ನೇ ನಿಲ್ಲಿಸಿತು. ಪತ್ರವನ್ನು ಆಜ್ಞೆಯಿಂದ ನಿಲ್ಲಿಸಬಹುದು, ಮೌನವನ್ನು ನಿಲ್ಲಿಸಲಾಗದು. ಅದಕ್ಕೆ ಪ್ರಶ್ನೆ ಕೇಳಿದ ಕಿರಿಯನನ್ನು ಅವಿಧೇಯನೆನ್ನದೆ ಗೌರವಿಸುವ ಹಿರಿಯರು ಬೇಕು. ಪರರ ಧನವನ್ನು ಕಾಯುವ ಪ್ರತಿಯೊಂದು ಸಂಸ್ಥೆಗೂ ಈ ಮಾತು ಅನ್ವಯಿಸುತ್ತದೆ.